220ರಿಂದ 170ಕ್ಕೆ ಇಳಿಯಬಹುದೇ? ಕ್ಯಾನೊಪಿ (ಪ್ಯಾರಾಚೂಟ್) ಸೈಜ್, ವಿಂಗ್ ಲೋಡಿಂಗ್ ಬಗ್ಗೆ ತಿಳಿದವರು ಹೇಳಿ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಫ್ಲಾರಿಡಾದ ಡಿಲ್ಯಾಂಡ್‌ನಲ್ಲಿ ಸ್ಕೈಡೈವಿಂಗ್ ಕಲಿತು ಎ ಲೈಸೆನ್ಸ್ (ಮೊದಲ ಹಂತದ ಪರವಾನಗಿ) ಆಗಿದೆ. ಒಟ್ಟು 62 ಜಂಪ್, ಎಲ್ಲವೂ ಬಾಡಿಗೆಯ ನ್ಯಾವಿಗೇಟರ್ 220 (220 ಚದರಡಿಯ ಕ್ಯಾನೊಪಿ) ಕೆಳಗೆ. ತೂಕ 72 ಕೆಜಿ. ಮುಂದಿನ ತಿಂಗಳಿಂದ ಕೆಲಸ ಕೊಲರಾಡೊದಲ್ಲಿ, ಜಂಪ್ ಲಾಂಗ್‌ಮಾಂಟ್‌ನಲ್ಲಿ. ಒಂದು ಸೆಕೆಂಡ್ ಹ್ಯಾಂಡ್ ರಿಗ್ (ಬೆನ್ನಿಗೆ ಕಟ್ಟುವ ಪೂರ್ತಿ ಸೆಟ್) ಸಿಗುತ್ತಿದೆ: ಮೇನ್ (ಮುಖ್ಯ ಕ್ಯಾನೊಪಿ) ಸೇಬರ್2 170, ರಿಸರ್ವ್ (ತುರ್ತಿನದು) 143. ಲೆಕ್ಕ ಹಾಕಿದರೆ ವಿಂಗ್ ಲೋಡಿಂಗ್ (ಚದರಡಿಗೆ ಎಷ್ಟು ಪೌಂಡ್ ತೂಕ) 1.1ರ ಆಸುಪಾಸು ಬರುತ್ತದೆ. ಜೊತೆಯವರು "190 ತಗೊಂಡ್ರೆ ಆರು ತಿಂಗಳಲ್ಲಿ ಬೇಜಾರಾಗುತ್ತೆ, 170 ತಗೊಂಡುಬಿಡು" ಅನ್ನುತ್ತಿದ್ದಾರೆ. 1.1 ಅನ್ನುವುದು ಅಷ್ಟು ದೊಡ್ಡ ಅಂಕಿಯಾ? ಬಲ್ಲವರು ದಯವಿಟ್ಟು ತಿಳಿಸಿ.

ಕ್ಯಾನೊಪಿ ಕೋಚ್ ಒಬ್ಬರು

ಮೊದಲು ತೂಕ ಸರಿಯಾಗಿ ಹಿಡಿಯಿರಿ. ವಿಂಗ್ ಲೋಡಿಂಗ್‌ಗೆ ಬೇಕಾದದ್ದು ವಿಮಾನದ ಬಾಗಿಲು ದಾಟುವಾಗಿನ ಒಟ್ಟು ತೂಕ, ಬರಿಮೈ ತೂಕ ಅಲ್ಲ. 72 ಕೆಜಿ ಅಂದರೆ 159 ಪೌಂಡ್. ರಿಗ್ 25 ಪೌಂಡ್, ಜಂಪ್‌ಸೂಟ್, ಶೂ, ಹೆಲ್ಮೆಟ್, ಆಲ್ಟಿಮೀಟರ್ ಸೇರಿ ಇನ್ನೊಂದು 6. ಒಟ್ಟು 190 ಅಂದುಕೊಳ್ಳಿ. ಅಂದಾಜಿಗಿಂತ, ಎಲ್ಲಾ ಹಾಕಿಕೊಂಡು ತೂಕದ ಮೆಷಿನ್ ಮೇಲೆ ಒಮ್ಮೆ ನಿಂತು ನೋಡುವುದೇ ಒಳ್ಳೆಯದು. ಈ 190 ಪೌಂಡನ್ನು ಕ್ಯಾನೊಪಿಯ ಚದರಡಿಯಿಂದ ಭಾಗಿಸಿದರೆ 220ಕ್ಕೆ 0.86, 190ಕ್ಕೆ 1.0, 170ಕ್ಕೆ 1.12, 150ಕ್ಕೆ 1.27.

ವೇಗ ಏರುವುದು ಲೋಡಿಂಗ್‌ನ ವರ್ಗಮೂಲದಂತೆ. 220ರಿಂದ 170ಕ್ಕೆ ಬಂದರೆ ಲೋಡಿಂಗ್ 29% ಹೆಚ್ಚುತ್ತದೆ, ವೇಗ ಸುಮಾರು 14%. ಕೇಳಿದರೆ ಅಷ್ಟೇನಾ ಅನಿಸುತ್ತದೆ. ಆದರೆ ನೆಲಕ್ಕೆ ಬಡಿದಾಗ ಕಾಲು, ಸೊಂಟ ತಡೆದುಕೊಳ್ಳಬೇಕಾದ ಶಕ್ತಿ ವೇಗದ ವರ್ಗದಂತೆ ಏರುತ್ತದೆ, ಅಂದರೆ ಪೂರಾ 29%. 190ಕ್ಕೆ ಮಾತ್ರ ಇಳಿದರೆ ವೇಗ ಸುಮಾರು 8%, ಶಕ್ತಿ 16%.

ಚಿಕ್ಕ ಕ್ಯಾನೊಪಿ ಕಡಿದಾಗಿ ಇಳಿಯುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಇಳಿಜಾರು ಎಷ್ಟು ಅನ್ನುವುದನ್ನು ಕ್ಯಾನೊಪಿಯ ಆಕಾರ ಮತ್ತು ಲೈನ್‌ಗಳ (ಹಗ್ಗಗಳ) ಟ್ರಿಮ್, ಅಂದರೆ ಉದ್ದದ ಹೊಂದಾಣಿಕೆ, ನಿರ್ಧರಿಸುತ್ತವೆ. ತೂಕ ಹೆಚ್ಚಾದರೆ ಹೆಚ್ಚುಕಡಿಮೆ ಅದೇ ಇಳಿಜಾರಿನಲ್ಲಿ ಜೋರಾಗಿ ಬರುತ್ತೀರಿ, ಮುಂದಕ್ಕೂ ಜೋರು, ಕೆಳಕ್ಕೂ ಜೋರು. ಎದುರುಗಾಳಿಯಲ್ಲಿ ಇದು ಲಾಭವೇ. ಗಾಳಿ ಏರಿದ ದಿನ 220ರಲ್ಲಿ ನಿಂತಲ್ಲೇ ನಿಂತು ಹಿಂದಕ್ಕೆ ಜಾರುವಾಗ 170 ಮುಂದಕ್ಕೆ ಸಾಗುತ್ತಿರುತ್ತದೆ. ಚಿಕ್ಕದಕ್ಕೆ ಜನ ಆಸೆಪಡುವುದಕ್ಕೆ ಇದು ನ್ಯಾಯವಾದ ಕಾರಣ, ಅಲ್ಲಗಳೆಯುವುದಿಲ್ಲ. ಆದರೆ ಸ್ಟಾಲ್ ವೇಗವೂ (ಅದಕ್ಕಿಂತ ನಿಧಾನವಾದರೆ ಕ್ಯಾನೊಪಿ ಹಾರಲಾರದು) ಅದೇ 14% ಏರಿರುತ್ತದೆ. ಗಾಳಿಯೇ ಇಲ್ಲದ ಬೆಳಿಗ್ಗೆ ಫ್ಲೇರ್ (ನೆಲ ಮುಟ್ಟುವ ಮುನ್ನ ಎರಡೂ ಬ್ರೇಕ್ ಎಳೆದು ವೇಗ ತಗ್ಗಿಸುವುದು) ಪೂರ್ತಿ ಎಳೆದ ಮೇಲೂ ಕಾಲಡಿಯ ನೆಲ ಓಡುತ್ತಲೇ ಇರುತ್ತದೆ. ಓಡಿ ನಿಲ್ಲುವುದು ಅಥವಾ ಜಾರಿ ಕೂರುವುದು ಬರಲೇಬೇಕು.

ಅಂಕಿಯಲ್ಲಿ ಕಾಣದ ಸಂಗತಿ ಇನ್ನೊಂದಿದೆ, ನನ್ನ ಮಟ್ಟಿಗೆ ಅದೇ ಮುಖ್ಯ. ಚಿಕ್ಕ ಕ್ಯಾನೊಪಿಗೆ ಲೈನ್‌ಗಳೂ ಗಿಡ್ಡ. ಉಯ್ಯಾಲೆಯ ಹಗ್ಗ ಗಿಡ್ಡ ಮಾಡಿದ ಹಾಗೆ, ನೀವು ಅದರ ಕೆಳಗೆ ಬೇಗ ಬೀಸಿಹೋಗುತ್ತೀರಿ. 220ರಲ್ಲಿ ಎದೆಮಟ್ಟಕ್ಕೆ ಟಾಗಲ್ (ತಿರುಗಿಸಲು, ಬ್ರೇಕ್ ಹಾಕಲು ಇರುವ ಕೈಹಿಡಿ) ಎಳೆದರೆ ನಿಧಾನ ವಾಲಿ ತಿರುಗುತ್ತದೆ. 170ರಲ್ಲಿ ಕೈ ಅಷ್ಟೇ ಎಳೆದರೂ ಕ್ಯಾನೊಪಿ ಗಕ್ಕನೆ ವಾಲುತ್ತದೆ, ಮೂಗು ಕೆಳಗಾಗಿ ಡೈವ್ ಹೊಡೆಯುತ್ತದೆ. ಅದರ ಮೇಲೆ ನ್ಯಾವಿಗೇಟರ್ ವಿದ್ಯಾರ್ಥಿಗಳಿಗೆಂದೇ ಮಾಡಿದ್ದು. ಸೇಬರ್2 ತುದಿ ಸ್ವಲ್ಪ ಚೂಪಾದ ವಿನ್ಯಾಸ, ಟಾಗಲ್ ಬಿಟ್ಟ ಮೇಲೂ ಒಂದಿಷ್ಟು ಹೊತ್ತು ಡೈವ್ ಮಾಡುತ್ತಲೇ ಇರುತ್ತದೆ. ಅಂದರೆ ನೀವು ಸೈಜನ್ನೂ ಜಾತಿಯನ್ನೂ ಒಟ್ಟಿಗೆ ಬದಲಿಸುತ್ತಿದ್ದೀರಿ.

ನೂರು ಜಂಪ್‌ವರೆಗೆ 1.0, ಆಮೇಲೆ ಪ್ರತಿ ನೂರಕ್ಕೆ 0.1 ಅನ್ನುವುದು ರೂಢಿಯಲ್ಲಿರುವ ಲೆಕ್ಕ. ಅದು ಮೇಲಿನ ಮಿತಿ. ಅಲ್ಲಿಗೆ ಮುಟ್ಟಲೇಬೇಕು ಅಂತೇನಿಲ್ಲ.

ಎತ್ತರದ ಊರುಗಳಲ್ಲಿ ಜಂಪ್ ಮಾಡುವವರು

ಕೋಚ್ ಹೇಳಿದ್ದಕ್ಕೆ ಒಂದು ಸೇರಿಸಬೇಕು. ಡಿಲ್ಯಾಂಡ್ ಸಮುದ್ರಮಟ್ಟಕ್ಕಿಂತ ಬರೀ 80 ಅಡಿ ಮೇಲಿದೆ. ಲಾಂಗ್‌ಮಾಂಟ್ 5,000 ಅಡಿಗೂ ಮೇಲೆ. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ 83% ಮಾತ್ರ. ಬಿಸಿಲು ಎರಡೂ ಕಡೆ ಒಂದೇ ಅಂದುಕೊಂಡರೂ, ಲಾಂಗ್‌ಮಾಂಟ್‌ನಲ್ಲಿ ನಿಮ್ಮ 190 ಹಾರುವ ವೇಗ ಡಿಲ್ಯಾಂಡ್‌ನಲ್ಲಿ 158 ಹಾರುವ ವೇಗಕ್ಕೆ ಸಮ (190 × 0.83). ನೀವು ಕೇಳುತ್ತಿರುವ 170 ಅಲ್ಲಿಗೆ ಹೋದ ಮೇಲೆ ಸುಮಾರು 141. ಕ್ಯಾನೊಪಿ ಬದಲಿಸದೆ ಊರು ಬದಲಿಸಿದರೇ ವೇಗ 10% ಏರಿತು.

ಇಲ್ಲಿ ಮೋಸ ಹೋಗುವುದು ಕೈ. ತೆಳುವಾದ ಗಾಳಿಯಲ್ಲಿ ವೇಗ ಹೆಚ್ಚಾದರೂ ಟಾಗಲ್‌ನ ಬಿಗಿ ಮೊದಲಿನಷ್ಟೇ ಇರುತ್ತದೆ, ಕ್ಯಾನೊಪಿಯ ಭಾವನೆಯೂ ಅದೇ. ಎಲ್ಲಾ ಮಾಮೂಲಿ ಇದೆ ಅಂತ ಕೈ ಹೇಳುವಾಗ ನೆಲ ಮಾತ್ರ ಬೇಗ ಏರಿ ಬರುತ್ತದೆ. ಹಳೇ ಅಭ್ಯಾಸದ ಎತ್ತರದಲ್ಲೇ ಫ್ಲೇರ್ ಶುರು ಮಾಡಿದರೆ ತಡವಾಗುತ್ತದೆ. ಬಿಸಿಲು ಜಾಸ್ತಿಯಾದಷ್ಟೂ ಗಾಳಿ ಇನ್ನೂ ತೆಳು: 30 ಡಿಗ್ರಿ ಇದ್ದ ಮಧ್ಯಾಹ್ನ ಲಾಂಗ್‌ಮಾಂಟ್‌ನ ಗಾಳಿ ಸುಮಾರು 8,000 ಅಡಿ ಎತ್ತರದ ಗಾಳಿಯಂತೆ ವರ್ತಿಸುತ್ತದೆ. ಹೊಸ ಕ್ಯಾನೊಪಿಯ ಮೊದಲ ಜಂಪ್‌ಗಳನ್ನು ಬೆಳಗಿನ ಲೋಡ್‌ಗಳಲ್ಲಿ (ವಿಮಾನದ ಸರದಿಗಳಲ್ಲಿ) ಮಾಡಿ.

ರಜಕ್ಕೆ ಊರಿಗೆ ಬಂದು ಮೈಸೂರಿನಲ್ಲಿ ಜಂಪ್ ಮಾಡುವವರಿಗೂ ಇದೇ ಮಾತು. ಅಲ್ಲಿ ಸುಮಾರು 2,400 ಅಡಿ. ಲಾಂಗ್‌ಮಾಂಟ್‌ನಷ್ಟಲ್ಲ, ಆದರೆ ಫ್ಲಾರಿಡಾದ ಕಣ್ಣಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ರಿಗ್ಗರ್ (ಪ್ಯಾರಾಚೂಟ್ ಮಡಿಕೆ, ದುರಸ್ತಿ) ಕೆಲಸ ಮಾಡುವವರು

ಎಲ್ಲರೂ ಮೇನ್ ಬಗ್ಗೆಯೇ ಮಾತಾಡುತ್ತಿದ್ದೀರಿ. ನನ್ನ ಕಣ್ಣು ಹೋಗಿದ್ದು ಆ 143 ರಿಸರ್ವ್ ಮೇಲೆ. 190 ಪೌಂಡಿಗೆ 143 ಅಂದರೆ 1.33. ಲಾಂಗ್‌ಮಾಂಟ್‌ನ ಗಾಳಿಯಲ್ಲಿ ಅದು ಸಮುದ್ರಮಟ್ಟದ 119 ಇದ್ದ ಹಾಗೆ. ರಿಸರ್ವ್ ಕೆಳಗೆ ನೀವು ಬರುವುದು ಒಳ್ಳೆಯ ದಿನದಲ್ಲಿ ಅಲ್ಲ. ಕೆಳಗಿನ ಎತ್ತರ, ಗೊತ್ತಿಲ್ಲದ ಜಾಗ, ಕೈ ನಡುಕ. ಹಾರುತ್ತಲೇ ಪ್ರಜ್ಞೆ ತಪ್ಪಿತು ಅಂದುಕೊಳ್ಳಿ. ಸೈಪ್ರೆಸ್‌ನಂಥ ಎಎಡಿ (ತಂತಾನೇ ಬಿಚ್ಚುವ ಸಾಧನ) ಸುಮಾರು 750 ಅಡಿಯಲ್ಲಿ ರಿಸರ್ವ್ ಬಿಚ್ಚುತ್ತದೆ, ಆದರೆ ಫ್ಲೇರ್ ಹೊಡೆಯುವವರು ಯಾರು? ಬ್ರೇಕ್ ಕಟ್ಟಿದ ಸ್ಥಿತಿಯಲ್ಲೇ ಕ್ಯಾನೊಪಿ ನಿಮ್ಮನ್ನು ನೆಲಕ್ಕೆ ತರುತ್ತದೆ. ಆಗ ಚದರಡಿ ಎಷ್ಟಿದೆಯೋ ಅದೇ ಗತಿ. ನಿಮ್ಮ ತೂಕಕ್ಕೆ 176 ರಿಸರ್ವ್ ನೋಡಿ, 1.08 ಬರುತ್ತದೆ.

"170ರ ಕಂಟೇನರ್‌ಗೇ 190 ತುಂಬಿಸಿಕೊಡಿ" ಅಂತ ಕೇಳುವವರೂ ಇದ್ದಾರೆ (ಕಂಟೇನರ್ ಅಂದರೆ ಕ್ಯಾನೊಪಿ ಮಡಿಸಿಡುವ ಬೆನ್ನುಚೀಲ). ತುರುಕಿದರೆ ಕ್ಲೋಸಿಂಗ್ ಲೂಪ್ (ಪಿನ್ ಸಿಕ್ಕಿಸಿ ಚೀಲ ಮುಚ್ಚಿಡುವ ಕುಣಿಕೆ) ಅತಿ ಬಿಗಿಯಾಗಿ ಪಿನ್ ಎಳೆಯಲು ಹೆಚ್ಚು ಬಲ ಬೇಕಾಗುತ್ತದೆ. ಪೈಲಟ್ ಚ್ಯೂಟ್ (ಮೇನನ್ನು ಹೊರಗೆಳೆಯುವ ಪುಟ್ಟ ಪ್ಯಾರಾಚೂಟ್) ಹೊರಬಿದ್ದರೂ ಪಿನ್ ಕದಲದೆ ಇರಬಹುದು. ತಿರುಗಾಮುರುಗಾ ಮಾಡಿ ದೊಡ್ಡ ಕಂಟೇನರ್‌ಗೆ ತೀರಾ ಚಿಕ್ಕದನ್ನು ಹಾಕಿದರೆ ಲೂಪ್ ಸಡಿಲವಾಗಿ, ವಿಮಾನದ ಬಾಗಿಲಲ್ಲೇ ಪಿನ್ ಜಾರುವ ಅಪಾಯ. ಹಾಗಾಗಿ ಕಂಪನಿಯ ಸೈಜ್ ಪಟ್ಟಿ ನೋಡಿ, 170–190 ಮೇನ್ ಮತ್ತು 176 ರಿಸರ್ವ್ ಹಿಡಿಯುವ ಕಂಟೇನರ್ ಹುಡುಕಿ. ಈಗ 190 ಹಾಕಿ. ಮುಂದೆ 170ಕ್ಕೆ ಹೋಗುವಾಗ ಮೇನ್ ಮಾತ್ರ ಬದಲಿಸಿ ಲೂಪ್ ಗಿಡ್ಡ ಮಾಡಿಕೊಂಡರೆ ಆಯಿತು, ದುಡ್ಡೂ ಉಳಿಯುತ್ತದೆ.

ಹಳೆಯ ಕ್ಯಾನೊಪಿ ಕೊಳ್ಳುವಾಗ ಇನ್ನೊಂದು. ಲೈನ್ ಸ್ಪೆಕ್ಟ್ರಾ (ಒಂದು ಬಗೆಯ ನೂಲು) ಆಗಿದ್ದರೆ ಸ್ಲೈಡರ್ (ಕ್ಯಾನೊಪಿ ಬಿಚ್ಚುವಾಗ ಲೈನ್ ಮೇಲೆ ಜಾರಿ ಬರುವ ಬಟ್ಟೆ) ಉಜ್ಜಿದ ಬಿಸಿಗೆ ಅದು ಕುಗ್ಗುತ್ತದೆ. ಅಂಚಿನ ಲೈನ್‌ಗಳು ಮತ್ತು ಬ್ರೇಕ್ ಲೈನ್ ಹೆಚ್ಚು ಕುಗ್ಗುತ್ತವೆ. ಬ್ರೇಕ್ ಲೈನ್ ಗಿಡ್ಡವಾದರೆ ಟಾಗಲ್ ಪೂರ್ತಿ ಬಿಟ್ಟಿದ್ದರೂ ಬಾಲ (ಕ್ಯಾನೊಪಿಯ ಹಿಂದಿನ ಅಂಚು) ಸ್ವಲ್ಪ ಕೆಳಗೆ ಎಳೆದುಕೊಂಡೇ ಹಾರುತ್ತದೆ. ವೇಗ ಕೂಡಿಬರದೆ ಫ್ಲೇರ್‌ಗೆ ಜೀವ ಇರುವುದಿಲ್ಲ. ಆಮೇಲೆ ಎಲ್ಲರೂ ಕ್ಯಾನೊಪಿ ಸೈಜನ್ನು ಬಯ್ಯುತ್ತಾರೆ. ಪರೀಕ್ಷೆ ಸುಲಭ: ಮೇಲೆ, ಫುಲ್ ಫ್ಲೈಟ್‌ನಲ್ಲಿ (ಟಾಗಲ್ ಪೂರ್ತಿ ಬಿಟ್ಟು), ತಲೆಯೆತ್ತಿ ಬ್ರೇಕ್ ಲೈನ್ ನೋಡಿ. ಗಾಳಿಗೆ ಹಿಂದಕ್ಕೆ ಬಿಲ್ಲಿನಂತೆ ಬಾಗಿರಬೇಕು. ನೆಟ್ಟಗೆ ಬಿಗಿದು ಬಾಲದಲ್ಲಿ ಗುಳಿ ಬಿದ್ದಿದ್ದರೆ ಗಿಡ್ಡವಾಗಿದೆ ಎಂದರ್ಥ. ಟಾಗಲ್ ಕೈಯಲ್ಲಿಟ್ಟುಕೊಂಡೇ ಮುಂದಿನ ರೈಸರ್ (ಲೈನ್‌ಗಳನ್ನು ಭುಜಕ್ಕೆ ಜೋಡಿಸುವ ಪಟ್ಟಿ) ಎಳೆದಾಗಲೂ ಬಾಲ ಅಲುಗಬಾರದು.

ಮತ್ತೊಬ್ಬರು

170 ಅಂದರೆ ಸಾವು ಅನ್ನುವ ಹಾಗೆ ಹೆದರಿಸಬೇಡಿ. ಇದೇ ತೂಕದವರು ಸಮುದ್ರಮಟ್ಟದಲ್ಲಿ, ಕೋಚಿಂಗ್ ತೆಗೆದುಕೊಂಡು, ನೂರೈವತ್ತು ಜಂಪ್ ಹೊತ್ತಿಗೆ ಸೇಬರ್2 170ನ್ನು ಚೆನ್ನಾಗಿಯೇ ಇಳಿಸುತ್ತಾರೆ. ಇವರಿಗೆ ಈಗ ಬೇಡ ಅನ್ನುವುದಕ್ಕೆ ಕಾರಣ ಕ್ಯಾನೊಪಿಯೊಂದೇ ಅಲ್ಲ. ಸೈಜ್, ವಿನ್ಯಾಸ, ಎತ್ತರ, ಗೊತ್ತಿಲ್ಲದ ಲ್ಯಾಂಡಿಂಗ್ ಬಯಲು, ನಾಲ್ಕೂ ಒಂದೇ ವಾರದಲ್ಲಿ ಬದಲಾಗುತ್ತಿವೆ. ಒಮ್ಮೆಗೆ ಒಂದನ್ನು ಬದಲಿಸಿ. ಲಾಂಗ್‌ಮಾಂಟ್‌ಗೆ ಹೋದ ಮೇಲೆ ಮೊದಲ ಹತ್ತು ಹದಿನೈದು ಜಂಪ್ ಬಾಡಿಗೆ 220ರಲ್ಲೇ ಮಾಡಿ, ಆಮೇಲೆ 190.

ಕಡಿಮೆ ತೂಕದವರು ಇದನ್ನು ಓದುತ್ತಿದ್ದರೆ ಅವರಿಗೂ ಒಂದು ಮಾತು. 50 ಕೆಜಿಯವರು ರಿಗ್ ಸೇರಿ ಸುಮಾರು 140 ಪೌಂಡ್. 1.0 ಸುರಕ್ಷಿತ ಅಂತ 140 ಕೊಂಡರೆ ಅದು 72 ಕೆಜಿಯವರ 190ರಂತೆ ಹಾರುವುದಿಲ್ಲ. ಅಂಕಿ ಒಂದೇ, ಲೈನ್ ಗಿಡ್ಡ. ತಿರುವು ಬಹಳ ಚುರುಕು. 0.85–0.9ರಲ್ಲಿ ಶುರು ಮಾಡಿ, ಅಂದರೆ 160ರ ಆಸುಪಾಸು.

ಕೇಳಿದವರು

ತುಂಬಾ ಉಪಕಾರವಾಯಿತು. ಎತ್ತರದ ಲೆಕ್ಕ ನನ್ನ ತಲೆಗೆ ಹೊಳೆದೇ ಇರಲಿಲ್ಲ, ಆ ರಿಗ್ ಬೇಡ ಅಂತ ಹೇಳಿದೆ. 190ಕ್ಕೆ ಹೋಗಲು ತಯಾರಿದ್ದೇನೆ ಅಂತ ತಿಳಿಯುವುದು ಹೇಗೆ?

ಕ್ಯಾನೊಪಿ ಕೋಚ್

220ರಲ್ಲೇ ಇವು ಬರಬೇಕು. ಗಾಳಿ ಇಲ್ಲದಾಗ ನಿಂತು ಇಳಿಯುವುದು. ಅಡ್ಡಗಾಳಿಯಲ್ಲಿ ಇಳಿಯುವುದು. ಹತ್ತು ಲ್ಯಾಂಡಿಂಗ್‌ನಲ್ಲಿ ಎಂಟಾದರೂ ಗುರಿಯ 10 ಮೀಟರ್ ಒಳಗೆ. ಎಲ್ಲಕ್ಕಿಂತ ಮೊದಲು ಫ್ಲಾಟ್ ಟರ್ನ್.

ಒಳ್ಳೆಯ ಕ್ಯಾನೊಪಿ ತಲೆಮೇಲಿದ್ದೂ ಜನ ಪೆಟ್ಟು ತಿನ್ನುವುದು ನೆಲದ ಹತ್ತಿರ ಟಾಗಲ್ ಎಳೆದು ತಿರುಗುವುದರಿಂದ. ಐವತ್ತು ಅಡಿಯಲ್ಲಿದ್ದೀರಿ, ಎದುರಿಗೆ ಬೇಲಿ ಕಂಡಿತು. ಗಾಬರಿಯಲ್ಲಿ ಒಂದೇ ಟಾಗಲ್ ಎಳೆದರೆ ಕ್ಯಾನೊಪಿ ವಾಲಿ ಡೈವ್ ಮಾಡುತ್ತದೆ, ಅದು ಮೇಲೆದ್ದು ಸರಿಯಾಗುವಷ್ಟು ಎತ್ತರ ಅಲ್ಲಿರುವುದಿಲ್ಲ. ಫ್ಲಾಟ್ ಟರ್ನ್‌ನಲ್ಲಿ ಮೊದಲು ಎರಡೂ ಟಾಗಲ್ ಭುಜದ ಮಟ್ಟಕ್ಕೆ ತನ್ನಿ. ಎಡಕ್ಕೆ ಹೋಗಬೇಕಾದರೆ ಬಲಗೈಯನ್ನು ಒಂದು ಗೇಣು ಮೇಲೆ ಬಿಡಿ. ಕ್ಯಾನೊಪಿ ವಾಲದೆ ಮಟ್ಟಸವಾಗಿ ತಿರುಗುತ್ತದೆ. ಬೇಲಿ ತಪ್ಪಿದ ಮೇಲೆ ಕೈ ಸಮ ಮಾಡಿ, ಟಾಗಲ್ ಮೇಲಕ್ಕೆ ಬಿಡದೆ ಅಲ್ಲಿಂದಲೇ ಫ್ಲೇರ್ ಮುಗಿಸಿ, ಪಾದ ಜೋಡಿಸಿ ಉರುಳಿ. ಗುರಿಯಿಲ್ಲದ ಕಡೆ ಇಳಿದರೂ ಚಿಂತೆಯಿಲ್ಲ. ಇದನ್ನು 3,000 ಅಡಿಯಲ್ಲಿ ಮೂವತ್ತು ಸಲ ಮಾಡಿರಬೇಕು, ಯೋಚಿಸದೆ ಕೈ ಹೋಗಬೇಕು.

190ರ ಮೊದಲ ಜಂಪ್ ಒಬ್ಬರೇ ಮಾಡಿ, ಕೊನೆಯಲ್ಲಿ ಹೊರಬಿದ್ದು 5,000 ಅಡಿಗಿಂತ ಮೇಲೆ ಬಿಚ್ಚಿಕೊಳ್ಳಿ, ಪೈಲಟ್‌ಗೆ ಮೊದಲೇ ತಿಳಿಸಿರಿ. 2,500 ಅಡಿ ಮುಟ್ಟುವುದರೊಳಗೆ ಸ್ಟಾಲ್ ಎಲ್ಲಿ ಅಂತ ನೋಡಿ: ಟಾಗಲ್ ನಿಧಾನ ಎಳೆಯುತ್ತಾ ಹೋಗಿ, ಕ್ಯಾನೊಪಿ ಹಿಂದಕ್ಕೆ ತೂಗಿದಂತಾದಾಗ ಕೈ ಎಲ್ಲಿದೆ ಅಂತ ನೆನಪಿಟ್ಟುಕೊಳ್ಳಿ. ಬಿಡುವಾಗಲೂ ನಿಧಾನ, ಫಟ್ಟನೆ ಬಿಟ್ಟರೆ ಮುಂದಕ್ಕೆ ಡೈವ್ ಹೊಡೆಯುತ್ತದೆ. ಆಮೇಲೆ ಐದಾರು ಫ್ಲೇರ್, ಎರಡೂ ಕಡೆಗೆ ಫ್ಲಾಟ್ ಟರ್ನ್, ಹಿಂದಿನ ರೈಸರ್‌ನಲ್ಲಿ ಒಂದೆರಡು ತಿರುವು.

ಇಳಿಯುವಾಗ ಫ್ಲೇರ್ ಮೇಲೆಯೇ ಶುರುವಾಗಿಬಿಟ್ಟರೆ ಟಾಗಲ್ ವಾಪಸ್ ಬಿಡಬೇಡಿ. ಇದ್ದಲ್ಲೇ ಹಿಡಿದಿಟ್ಟುಕೊಂಡು, ನೆಲ ಹತ್ತಿರ ಬಂದಾಗ ಉಳಿದದ್ದನ್ನು ಎಳೆಯಿರಿ. ಗಾಳಿ ಗಂಟೆಗೆ 5ರಿಂದ 12 ಮೈಲಿ, ಹೊಯ್ದಾಟವಿಲ್ಲದೆ ಒಂದೇ ಸಮ ಬೀಸುವ ದಿನ ಇದಕ್ಕೆ ಸರಿ. ಅಂಥ ದಿನ ಸಿಗದಿದ್ದರೆ ಆ ವಾರ 220ರಲ್ಲೇ ಹಾರಿ.