ಸಹಾಯ ಬೇಕು: ಒಂಟೆಗಳ ರಕ್ತದಲ್ಲಿ ತಾಮ್ರ, ಸತು ಅಳೆಯುವ ಲ್ಯಾಬ್ (ಪುಣೆ/ಮುಂಬೈ)

ಗ್ರೂಪಿನಲ್ಲಿ ಪಶುವೈದ್ಯರು, ಲ್ಯಾಬಿನವರು ಯಾರಾದರೂ ಇದ್ದರೆ ದಯವಿಟ್ಟು ಓದಿ. ಪುಣೆ ಹತ್ತಿರದ ಮುಳಶಿ ಕಡೆಯ ಪ್ರಾಣಿ ಆಶ್ರಯಧಾಮದ ನಾಲ್ಕು ಒಂಟೆಗಳ ಕೂದಲು ಬಣ್ಣಗೆಟ್ಟು ಒರಟಾಗಿದೆ, ಕಣ್ಣಿನ ಒಳರೆಪ್ಪೆ ಬಿಳಿಚಿದೆ, ಗೋಡೆಯ ಸುಣ್ಣ ನೆಕ್ಕುತ್ತಿವೆ. ಚರ್ಮ ಕೆರೆದು ನೋಡಿದಾಗ ಕಜ್ಜಿಹುಳ ಸಿಕ್ಕಿಲ್ಲ. ರಕ್ತದ ಸ್ಲೈಡಿನಲ್ಲಿ ಸರ್ರಾ (ರಕ್ತದ ಪರಾವಲಂಬಿ ಜೀವಿಯಿಂದ ಬರುವ ರೋಗ) ಕಂಡಿಲ್ಲ, ಆದರೆ ಒಂದೇ ಸ್ಲೈಡ್ ನಂಬುವಂತಿಲ್ಲ, ಮತ್ತೆ ನೋಡಿಸುತ್ತೇವೆ.

ಅನುಮಾನ ತಾಮ್ರದ ಕೊರತೆಯ ಮೇಲೆ. ಮೇವಿನಲ್ಲಿ ತಾಮ್ರ ಸಾಕಷ್ಟಿದ್ದರೂ ಮಾಲಿಬ್ಡಿನಂ ಎಂಬ ಖನಿಜ, ಗಂಧಕ ಹೆಚ್ಚಿದ್ದರೆ ಹೊಟ್ಟೆಯಲ್ಲೇ ಅದನ್ನು ಕಟ್ಟಿಹಾಕುತ್ತವೆ, ಮೈಗೆ ಹತ್ತುವುದಿಲ್ಲ. ಹಾಗಾಗಿ ಮೇವು, ಬಾವಿ ನೀರು ಎರಡನ್ನೂ ಪರೀಕ್ಷಿಸಬೇಕು. ಇಲ್ಲಿ ತಿನ್ನಿಸುವುದು ಬಹುಪಾಲು ಕಬ್ಬಿನ ಸೋಗೆ. ಒಂಟೆ ಬಯಸುವ ಖೇಜ್ರಿ (ಬನ್ನಿ), ಜಾಲಿ ಸೊಪ್ಪು ಅಪರೂಪ.

ಬೇಕಿರುವುದು ಅಟಾಮಿಕ್ ಅಬ್ಸಾರ್ಪ್ಷನ್ ಅಥವಾ ಐಸಿಪಿ ಯಂತ್ರವಿರುವ (ಎರಡೂ ಲೋಹಗಳ ಪ್ರಮಾಣ ಅಳೆಯುವಂಥವು), ಪ್ರಾಣಿಗಳ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ತೆಗೆದುಕೊಳ್ಳುವ ಲ್ಯಾಬ್. ಜೊತೆಗೆ ಕಡುನೀಲಿ ಮುಚ್ಚಳದ ಟ್ರೇಸ್ ಎಲಿಮೆಂಟ್ ಟ್ಯೂಬುಗಳು, ಒಂದು ಡಜನ್. ಸಾಮಾನ್ಯ ಟ್ಯೂಬಿನ ರಬ್ಬರ್ ಬಿರಡೆಯಿಂದ ಸತು ಬೆರೆತು ಅಂಕಿ ಸುಳ್ಳೇ ಏರುತ್ತದೆ. ರಕ್ತಕಣ ಒಡೆದರೂ ಅಷ್ಟೇ. ವರದಿ ಓದುವವರಿಗೆ ಒಂಟೆಯ ಮಾಪನ ಗೊತ್ತಿರಲಿ: ಅದರ ರಕ್ತದಲ್ಲಿ ಸತು ಸಹಜವಾಗಿಯೇ ಹಸುವಿಗಿಂತ ಕಡಿಮೆ.

ಸೆಲೆನಿಯಂ ಎಂಬ ಖನಿಜದ ಇಂಜೆಕ್ಷನ್ ಕೊಡಿಸಿ ಎಂದು ಮಾತ್ರ ಹೇಳಬೇಡಿ. ಒಂಟೆಗೆ ಅದು ಬೇಗ ವಿಷವಾಗುತ್ತದೆ, ಅಳೆಯದೆ ಕೊಡುವುದಿಲ್ಲ. ಕೋಳಿ, ದನದ ರೆಡಿಮೇಡ್ ಆಹಾರವೂ ಬೇಡ; ಅದರಲ್ಲಿ ಸ್ಯಾಲಿನೋಮೈಸಿನ್, ಮೊನೆನ್ಸಿನ್ ಎಂಬ ಔಷಧಿಗಳು ಬೆರೆತಿದ್ದರೆ ಒಂಟೆ ಸಾಯಬಹುದು.

ಬಿಕಾನೇರಿನ ರಾಷ್ಟ್ರೀಯ ಒಂಟೆ ಸಂಶೋಧನಾ ಕೇಂದ್ರದಲ್ಲಿ ಪರಿಚಯದವರಿದ್ದರೆ, ಪರೇಲಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಓದಿದವರಿದ್ದರೆ ಇನ್‌ಬಾಕ್ಸ್ ಮಾಡಿ. ಐಸ್‌ಬಾಕ್ಸಿನಲ್ಲಿ ಸ್ಯಾಂಪಲ್ ತಲುಪಿಸುವ ಹೊಣೆ ನಮ್ಮದು.