ಊದಿದರೆ ಮೇಣದಬತ್ತಿ ಆರುತ್ತದೆ, ಕೆಂಡ ಮಾತ್ರ ಇನ್ನೂ ಕೆಂಪಾಗುತ್ತದೆ, ಯಾಕೆ?

ಕುತೂಹಲಿ:
ಸಣ್ಣ ಪ್ರಶ್ನೆ, ನಗಬೇಡಿ. ಉರಿಯುವ ಮೇಣದಬತ್ತಿಗೆ ಉಫ್ ಅಂತ ಊದಿದರೆ ಆರಿಹೋಗುತ್ತದೆ. ಅದೇ ಬಾಯಿ, ಅದೇ ಗಾಳಿ, ಕೆಂಡಕ್ಕೆ ಊದಿದರೆ ಇನ್ನೂ ಕೆಂಪಾಗಿ, ಒಂದೊಂದು ಸಲ ಭಗ್ ಅಂತ ಉರಿಯೇ ಏಳುತ್ತದೆ. ಎರಡೂ ಬೆಂಕಿಯೇ ಅಲ್ವಾ? ಇಂಧನ, ಶಾಖ, ಆಮ್ಲಜನಕ ಅಂತ ಶಾಲೆಯಲ್ಲಿ ತ್ರಿಕೋನ ಬರೆಸಿದ್ದರು. ಅದರಲ್ಲಿ ಇದಕ್ಕೆ ಉತ್ತರ ಸಿಗುತ್ತಿಲ್ಲ.

ಗಡಿಬಿಡಿ:
ಸುಲಭ. ನಾವು ಹೊರಗೆ ಬಿಡುವುದು ಇಂಗಾಲದ ಡೈಆಕ್ಸೈಡ್. ಅದು ಬೆಂಕಿ ಆರಿಸುತ್ತದೆ, ಅಷ್ಟೇ.

ಹಳೇಮೇಷ್ಟ್ರು:
ಹಾಗಾದರೆ ಕೆಂಡವೂ ಆರಬೇಕಿತ್ತಲ್ಲ! ನಾವು ಬಿಡುವ ಉಸಿರಿನಲ್ಲಿ ಆ ಅನಿಲ ಇರುವುದು ಶೇ. 4ರಷ್ಟು. ಆಮ್ಲಜನಕ ಇನ್ನೂ ಶೇ. 16ರಷ್ಟು ಉಳಿದಿರುತ್ತದೆ, ಹೊರಗಿನ ಗಾಳಿಯಲ್ಲಿ 21. ರಟ್ಟು ಹಿಡಿದು ಬೀಸಿದರೂ ಮೇಣದಬತ್ತಿ ಆರುತ್ತದೆ, ಅಲ್ಲಿ ಯಾರ ಉಸಿರೂ ಇಲ್ಲ.

ಮೇಣದಬತ್ತಿಯಲ್ಲಿ ನಿಜವಾಗಿ ಉರಿಯುವುದು ಗಟ್ಟಿ ಮೇಣ ಅಲ್ಲ, ಅದರ ಆವಿ. ಜ್ವಾಲೆಯ ಕಾವಿಗೆ ಮೇಣ ಕರಗುತ್ತದೆ, ಬತ್ತಿಯಲ್ಲಿ ಮೇಲೇರುತ್ತದೆ, ಆವಿಯಾಗುತ್ತದೆ, ಆ ಆವಿ ಉರಿದು ಮತ್ತೆ ಕೆಳಗಿನ ಮೇಣಕ್ಕೆ ಕಾವು ಕೊಡುತ್ತದೆ. ಊದಿದಾಗ ಜ್ವಾಲೆ ಬತ್ತಿಯಿಂದ ಆಚೆ ಹೋಗುತ್ತದೆ, ಆವಿಯೂ ಚದುರಿ ತಣ್ಣಗಾಗುತ್ತದೆ, ಸರಪಳಿ ತುಂಡು. ಆರಿಸಿದ ಕೂಡಲೇ ಬಿಳಿ ಹೊಗೆ ಏಳುತ್ತದಲ್ಲ, ಅದು ಉರಿಯದೇ ಉಳಿದ ಮೇಣವೇ. ಬತ್ತಿಯನ್ನು ಮುಟ್ಟದೆ ಆ ಹೊಗೆಗೆ ಬೆಂಕಿಕಡ್ಡಿ ಹಿಡಿದು ನೋಡಿ, ಬೆಂಕಿ ಹೊಗೆಯ ದಾರಿಯಲ್ಲೇ ಕೆಳಗಿಳಿದು ಬತ್ತಿ ಹೊತ್ತಿಕೊಳ್ಳುತ್ತದೆ. ಮೈಕೆಲ್ ಫ್ಯಾರಡೆ 1860ರ ಕೊನೆಯಲ್ಲಿ ಲಂಡನ್ನಿನಲ್ಲಿ ಮಕ್ಕಳಿಗೆ ಈ ಮೇಣದಬತ್ತಿಯ ಬಗ್ಗೆಯೇ ಆರು ಉಪನ್ಯಾಸ ಕೊಟ್ಟಿದ್ದರು. ಒಂದು ಬತ್ತಿಯಲ್ಲಿ ಅಷ್ಟು ಸರಕಿದೆ!

ಸೌದೆಯೂ ಹೀಗೇ. ಸುಮಾರು 300 ಡಿಗ್ರಿ ಕಾದಾಗ ಅದು ಒಡೆದು ಅನಿಲ ಬಿಡುತ್ತದೆ, ಜ್ವಾಲೆ ಎಂದು ನಮಗೆ ಕಾಣುವುದು ಆ ಅನಿಲ ಉರಿಯುವುದು. ಅನಿಲವೆಲ್ಲ ಹೋದ ಮೇಲೆ ಉಳಿಯುವುದು ಇದ್ದಲು. ಇದ್ದಲಿನಿಂದ ಹಾರಿಹೋಗುವಂಥದ್ದು ಹೆಚ್ಚೇನೂ ಇಲ್ಲ, ಆಮ್ಲಜನಕವೇ ಅದರ ಮೈಗೆ ಬಂದು ತಾಗಬೇಕು. ನೀವು ಊದಿದಾಗ ಮೇಲಿನ ಬೂದಿ ಹಾರುತ್ತದೆ, ಹೊಸ ಗಾಳಿ ತಾಗುತ್ತದೆ, ಕಾವು ಏರುತ್ತದೆ. ಒಳಗೆ ಎಲ್ಲೋ ಪೂರ್ತಿ ಬೇಯದ ಮರ ಉಳಿದಿದ್ದರೆ ಅದು ಅನಿಲ ಬಿಟ್ಟು, ನೀವು ಹೇಳಿದ ಆ ಭಗ್.

ಗಡಿಬಿಡಿ:
ಸರಿ ಸರ್, ಸೋತೆ. ಆದರೆ ಕಾಡ್ಗಿಚ್ಚಿನಲ್ಲೂ ಜ್ವಾಲೆಯೇ ಇರುವುದಲ್ವಾ, ಗಾಳಿ ಬೀಸಿದರೆ ಅದು ಯಾಕೆ ಆರುವುದಿಲ್ಲ?

ಪುರಳೆ:
ಅಲ್ಲಿ ಕಾವು ಅಷ್ಟು ಜಾಸ್ತಿ, ಗಾಳಿ ಅದನ್ನು ಆರಿಸಲಾರದು. ಬದಲಿಗೆ ಜ್ವಾಲೆಯನ್ನು ಮುಂದಕ್ಕೆ ಬಗ್ಗಿಸುತ್ತದೆ. ಮುಂದಿನ ಹುಲ್ಲು, ತರಗೆಲೆ ಬೆಂಕಿ ತಾಗುವ ಮೊದಲೇ ಕಾದು ಒಣಗಿ ಸಿದ್ಧವಾಗಿರುತ್ತದೆ, ಕಿಡಿಗಳು ಹಾರಿ ದೂರದಲ್ಲಿ ಹೊಸ ಬೆಂಕಿ ಹಚ್ಚುತ್ತವೆ. ಗುಡ್ಡದ ಮೇಲ್ಮುಖವಾಗಿ ಬೆಂಕಿ ಓಡುವುದೂ ಇದೇ ಕಾರಣಕ್ಕೆ. ಜ್ವಾಲೆಗೆ ಮೇಲಿನ ಇಳಿಜಾರು ಹತ್ತಿರ, ಬಿಸಿಗಾಳಿಯೂ ಅತ್ತಲೇ ಏರುತ್ತದೆ.

ಊದಿ ಆರಿಸಲೇಬೇಕೆಂದರೆ ದೊಡ್ಡ ಬಾಯಿ ಬೇಕು. 1991ರಲ್ಲಿ ಕುವೈತಿನಲ್ಲಿ 600ಕ್ಕೂ ಹೆಚ್ಚು ತೈಲಬಾವಿಗಳು ಹೊತ್ತಿ ಉರಿಯುವಾಗ, ಹಂಗೇರಿಯ ತಂಡವೊಂದು ಹಳೇ ಟಿ-34 ಟ್ಯಾಂಕಿನ ಮೇಲೆ ಎರಡು ಮಿಗ್-21 ವಿಮಾನದ ಎಂಜಿನ್ ಕೂರಿಸಿ, ಜೊತೆಗೆ ನೀರು ಬಿಟ್ಟು, ಬಾವಿಗಳನ್ನು ಮೇಣದಬತ್ತಿಯಂತೆ ಊದಿ ಆರಿಸಿತ್ತು. ಸುಳ್ಳಲ್ಲ!

ಕುತೂಹಲಿ:
ಹೊಗೆಗೆ ಕಡ್ಡಿ ಹಿಡಿದೆ. ಮೂರನೇ ಸಲ ಬಂತು, ಬೆಂಕಿ ಜಿಗಿದಿದ್ದು ಕಣ್ಣಿಗೆ ಸಿಗುವಷ್ಟರಲ್ಲಿ ಮುಗಿದಿತ್ತು. ಇನ್ನೊಂದು. ರಾಶಿಯಿಂದ ಒಂದೇ ಒಂದು ಸಣ್ಣ ಕೆಂಡ ಇಕ್ಕಳದಲ್ಲಿ ತೆಗೆದು ಊದಿದೆ. ಒಂದು ಕ್ಷಣ ಹೊಳೆದು ಕಪ್ಪಾಯಿತು. ಇದು ನಿಮ್ಮ ಲೆಕ್ಕಕ್ಕೆ ಬರುವುದಿಲ್ಲವಲ್ಲ ಮೇಷ್ಟ್ರೇ?

ಹಳೇಮೇಷ್ಟ್ರು:
ಬರುತ್ತದೆ. ರಾಶಿಯಲ್ಲಿ ಕೆಂಡಗಳು ಒಂದಕ್ಕೊಂದು ಕಾವು ಸೂಸುತ್ತವೆ, ಕಳೆದುಕೊಂಡದ್ದರಲ್ಲಿ ಬಹುಪಾಲು ಪಕ್ಕದವರಿಂದ ವಾಪಸ್ ಬರುತ್ತದೆ. ಒಂಟಿ ಕೆಂಡ ಎಲ್ಲ ಕಡೆಗೂ ಬರೀ ಕೊಡುತ್ತದೆ. ಊದಿದ ಗಾಳಿ ಹುಟ್ಟಿಸುವ ಕಾವಿಗಿಂತ ಒಯ್ಯುವ ಕಾವು ಜಾಸ್ತಿಯಾಯಿತು. ಅದನ್ನೇ ಮತ್ತೆ ರಾಶಿಗೆ ಹಾಕಿ ನೋಡಿ.