ಮಾಗಡಿ ಕೆರೆಯ ಹೆಬ್ಬಾತುಗಳಿಂದ ನಮ್ಮ ಕೋಳಿಗೆ ಹಕ್ಕಿ ಜ್ವರ ಬರುತ್ತದಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹತ್ತಿರ. ಮನೆಯಲ್ಲಿ ನಲವತ್ತು ಜವಾರಿ ಕೋಳಿ ಇವೆ. ಚಳಿ ಶುರುವಾದರೆ ಪಟ್ಟೆ ತಲೆ ಹೆಬ್ಬಾತುಗಳು ಬಂದಿಳಿಯುತ್ತವೆ, ಹೊಲಕ್ಕೂ ಮೇಯಲು ಬರುತ್ತವೆ. ಹಕ್ಕಿ ಜ್ವರ ತರುವುದೇ ಇವು, ಪಟಾಕಿ ಹೊಡೆದು ಓಡಿಸೋಣ ಎಂದು ಕೆಲವರು ಅನ್ನುತ್ತಿದ್ದಾರೆ. ನೀವು ಪಶುವೈದ್ಯರು, ಈ ರೋಗದ ಸಂಶೋಧನೆಯಲ್ಲೂ ಇದ್ದವರು. ಇದು ನಿಜವಾ?

ಉತ್ತರ: ಪಟಾಕಿಯನ್ನು ದೀಪಾವಳಿಗೆ ಇಟ್ಟುಕೊಳ್ಳಿ. ಮಾತು ಅರ್ಧ ನಿಜ.

ಈ ವೈರಸ್‌ನ ತವರುಮನೆ ಕಾಡು ಬಾತುಗಳ ಕರುಳು. ಅಲ್ಲಿ ಅದು ಸಾಮಾನ್ಯವಾಗಿ ಸುಮ್ನೆ ಇರುತ್ತದೆ. ಅದರ ಎಚ್5, ಎಚ್7 ಬಗೆಗಳು ಕೋಳಿ ಶೆಡ್ಡಿಗೆ ನುಗ್ಗಿದರೆ ಕಥೆಯೇ ಬೇರೆ. ಒತ್ತೊತ್ತಾಗಿರುವ ಸಾವಿರಾರು ಕೋಳಿಗಳಲ್ಲಿ ಒಂದರಿಂದ ಒಂದಕ್ಕೆ ದಾಟುತ್ತಾ ಅದು ಬದಲಾಗಬಹುದು. ವೈರಸ್‌ನ ಮೈಮೇಲೆ ಒಂದು ಪ್ರೋಟೀನ್ ಇದೆ. ಅದು ಶೇಂಗಾ ಕಾಯಿಯಂತೆ ಬಿರಿದರೆ ಮಾತ್ರ ವೈರಸ್ ಜೀವಕೋಶಕ್ಕೆ ನುಗ್ಗಬಲ್ಲದು. ಸೌಮ್ಯ ವೈರಸ್‌ನ ಕಾಯಿ ಬಿಡಿಸುವ ಕಿಣ್ವ ಹೆಚ್ಚಾಗಿ ಕರುಳು, ಉಸಿರುನಾಳದಲ್ಲೇ ಸಿಗುತ್ತದೆ. ಕೆಟ್ಟ ವೈರಸ್‌ನಲ್ಲಿ ಆ ಬಿರಿಯುವ ಜಾಗ ಬದಲಾಗಿರುತ್ತದೆ. ಆಗ ಮಿದುಳು, ಹೃದಯ ಎಲ್ಲಿ ಬೇಕಾದರೂ ಕಾಯಿ ಬಿರಿಯುತ್ತದೆ. ಕೋಳಿ ಒಂದೆರಡು ದಿನದಲ್ಲೇ ಸಾಯುವುದು ಅದಕ್ಕೇ. ಸಿಕ್ಕ ವೈರಸ್ ಎಷ್ಟು ಕೆಟ್ಟದ್ದು ಎಂದು ತಿಳಿಯಲು ಲ್ಯಾಬಿನಲ್ಲಿ ಓದುವುದೂ ಆ ಜಾಗವನ್ನೇ.

ಈಗ ಜಗತ್ತು ಸುತ್ತುತ್ತಿರುವ ಎಚ್5ಎನ್1 ವಂಶ ಮೊದಲು ಸಿಕ್ಕಿದ್ದು 1996ರಲ್ಲಿ, ಚೀನಾದ ಗುವಾಂಗ್‌ಡಾಂಗ್‌ನ ಫಾರಂ ಒಂದರ ಹೆಬ್ಬಾತುಗಳಲ್ಲಿ. ಸಾಕಿದವು, ಕಾಡಿನವಲ್ಲ. 2005ರಲ್ಲಿ ಚೀನಾದ ಚಿಂಗ್‌ಹೈ ಸರೋವರದಲ್ಲಿ 6,000ಕ್ಕೂ ಹೆಚ್ಚು ಕಾಡುಹಕ್ಕಿಗಳು ಸತ್ತವು. ಅವುಗಳಲ್ಲಿ ಜಾಸ್ತಿ ಸತ್ತದ್ದು ನಿಮ್ಮ ಕೆರೆಗೆ ಬರುವ ಇದೇ ಪಟ್ಟೆ ತಲೆಯವು. ಪಾಪ, ಕೋಳಿ ಕಡೆಯ ರೋಗ ಅವಕ್ಕೆ ತಗುಲಿದ್ದು. ಆದರೆ ಅಲ್ಲಿಂದಾಚೆ ಕಾಡುಹಕ್ಕಿಗಳೂ ಅದನ್ನು ಹೊತ್ತು ತಿರುಗುತ್ತಿವೆ, ಇದನ್ನು ಮುಚ್ಚಿಡುವುದಿಲ್ಲ. 2021ರ ಕೊನೆಗೆ ಅಟ್ಲಾಂಟಿಕ್ ದಾಟಿ ಕೆನಡಾ ಮುಟ್ಟಿತು. 2023ರಲ್ಲಿ ಅಂಟಾರ್ಕ್ಟಿಕ ಕಡೆಯ ಸೌತ್ ಜಾರ್ಜಿಯಾ ದ್ವೀಪಗಳ ಸ್ಕುವಾ ಹಕ್ಕಿಗಳಲ್ಲಿ ಸಿಕ್ಕಿತು. ಅಲ್ಲಿಗೆ ಕೋಳಿ ಲಾರಿ ಹೋಗುವುದಿಲ್ಲ ಅಲ್ವಾ?

ಹಾಗಂತ ಓಡಿಸಿದರೆ ಪಕ್ಕದ ಕೆರೆಗೆ ಹೋಗುತ್ತವೆ, ರೋಗ ಇದ್ದರೆ ಅದನ್ನೂ ಒಯ್ಯುತ್ತವೆ. ಕೆರೆಯಿಂದ ಗೂಡಿಗೆ ಬರುವ ದಾರಿಯನ್ನು ಕಡಿಯಿರಿ. ದಂಡೆ ತುಳಿದ ಚಪ್ಪಲಿ ಗೂಡಿನ ಹತ್ತಿರ ಬೇಡ. ಕೆರೆ ನೀರು ಕುಡಿಸಬೇಡಿ. ಸಂತೆಯಿಂದ ತಂದ ಹುಂಜವನ್ನು ಎರಡು ವಾರ ಬೇರೆ ಇಡಿ.

ಇನ್ನೊಬ್ಬ ಸದಸ್ಯರು: ನಂದು ಫಾರಂ ಕೋಳಿ ಶೆಡ್ಡು ಸರ್. ಫ್ರಾನ್ಸಿನಲ್ಲಿ ಬಾತುಗಳಿಗೆ ಲಸಿಕೆ ಹಾಕುತ್ತಾರಂತೆ. ನಮಗ್ಯಾಕೆ ಇಲ್ಲ?

ಉತ್ತರ: ಹೌದು, 2023ರ ಅಕ್ಟೋಬರ್‌ನಿಂದ ಹಾಕುತ್ತಿದ್ದಾರೆ. ಇದರಲ್ಲಿ ಒಂದು ತೊಡಕಿದೆ. ಲಸಿಕೆ ಹಾಕಿದ ಹಕ್ಕಿ ಸಾಯದೆಯೇ ಒಳಗೊಳಗೇ ವೈರಸ್ ಹರಡಬಹುದು. 2012ರಲ್ಲಿ ಹೆಸರಘಟ್ಟದಲ್ಲಿ ರೋಗ ಗೊತ್ತಾದದ್ದೇ ಟರ್ಕಿ ಕೋಳಿಗಳು ಸಾಯತೊಡಗಿದಾಗ. ಸಾವು ಕಾಣದಿದ್ದರೆ ಹುಷಾರಾಗಿರುವ ಹಕ್ಕಿಗಳನ್ನೂ ಪದೇ ಪದೇ ಪರೀಕ್ಷಿಸುತ್ತಿರಬೇಕು. ಫ್ರಾನ್ಸ್ ಹಾಗೆ ಮಾಡುತ್ತಿದೆ. ನಮ್ಮಲ್ಲಿ ರೋಗ ಸಿಕ್ಕ ಜಾಗದ ಸುತ್ತ 1 ಕಿ.ಮೀ. ಒಳಗಿನ ಕೋಳಿ ಕೊಂದು, 10 ಕಿ.ಮೀ. ತನಕ ಕಣ್ಣಿಡುವ ಕ್ರಮ ನಡೆದುಬಂದಿದೆ. ಸಾಕಿದವರಿಗೆ ಇದು ಹೊಟ್ಟೆ ಉರಿಸುವ ಕೆಲಸ, ಒಪ್ಪುತ್ತೇನೆ. ಎಚ್9ಎನ್2 ಎಂಬ ಸೌಮ್ಯ ಬಗೆಗೆ ಲಸಿಕೆ ಬಂದಿದೆ. ಆದರೆ ಅದು ಎಚ್5ಎನ್1 ತಡೆಯುವುದಿಲ್ಲ.

ಮೊದಲ ಸದಸ್ಯರು: ಹೋದ ವಾರ ದಂಡೆಯಲ್ಲಿ ಒಂದು ಹೆಬ್ಬಾತು ಸತ್ತು ಬಿದ್ದಿತ್ತು ಸರ್. ಹುಡುಗರು ಎತ್ತಿ ಆಡಿದರು.

ಉತ್ತರ: ಒಂದು ಹಕ್ಕಿ ಸತ್ತರೆ ಹಕ್ಕಿ ಜ್ವರವೇ ಅಂತಲ್ಲ. ಆದರೂ ಇನ್ನು ಮುಂದೆ ಮುಟ್ಟದೆ ಪಶು ಆಸ್ಪತ್ರೆಗೆ, ಅರಣ್ಯ ಇಲಾಖೆಗೆ ತಿಳಿಸಿ. ಮಾದರಿ ಭೋಪಾಲದ ಲ್ಯಾಬಿಗೆ ಹೋಗಬೇಕು. ಹುಡುಗರಿಗೆ ಜ್ವರ, ಕೆಮ್ಮು, ಕಣ್ಣು ಕೆಂಪು ಕಂಡರೆ ಡಾಕ್ಟರಿಗೆ ತೋರಿಸಿ, ಹಕ್ಕಿ ಮುಟ್ಟಿದ ವಿಷಯ ತಪ್ಪದೆ ಹೇಳಿ. ಅಂದಹಾಗೆ, ನಿಮ್ಮ ಕೋಳಿಗೆ ಕೊಕ್ಕರೆ ರೋಗದ, ಅಂದರೆ ರಾಣಿಖೇತ್ ರೋಗದ ಲಸಿಕೆ ಆಗಿದೆಯಾ?

ಮೊದಲ ಸದಸ್ಯರು: ಇಲ್ಲ ಸರ್.

ಉತ್ತರ: ನಾಳೆಯೇ ಹಾಕಿಸಿ. ಜವಾರಿ ಕೋಳಿ ಸಾಮೂಹಿಕವಾಗಿ ಸತ್ತಿವೆ ಎಂದು ಫೋನ್ ಬಂದರೆ ನನಗೆ ಮೊದಲು ಅನುಮಾನ ಬರುವುದು ಅದರ ಮೇಲೆ.